ಮೀನಿನ ನೀರಿಗೆ ಒಂದು ಗುಲಗಂಜಿ ತೂಕ

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಕಾಶಿಯನ್ನೂ ಈ ಕ್ಷೇತ್ರವನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಈ ಕ್ಷೇತ್ರವೇ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂದು ಆಸ್ತಿಕರ ನಂಬಿಕೆ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಆ ಕೆಂಪು ಬೀಜದ ತೂಕ ಸುಮಾರು 120 ಮಿಲಿಗ್ರಾಂ. ಅಷ್ಟು ಲವಣವು ಒಂದು ಲೀಟರ್ ನೀರಿನಲ್ಲಿ ಕರಗಿದ್ದರೆ ನಮ್ಮ ನಾಲಗೆಗೆ ಅದರ ಸುಳಿವೂ ಹತ್ತದು. ಮೀನಿಗಾದರೋ ಆ ಒಂದು ಗುಲಗಂಜಿಯ ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುವ ಸಂಗತಿ.

ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕುವ ಹವ್ಯಾಸ ಈಗ ಸಣ್ಣ ಊರುಗಳಿಗೂ ಬಂದಿದೆ. ನಂಜನಗೂಡಿನಂಥ ನದಿತೀರದ ಊರಿನಲ್ಲಿ ಮೀನಿಗೆ ನೀರಿನ ಚಿಂತೆಯೇ ಎಂದು ವಾಚಕರು ಕೇಳಬಹುದು. ಆದರೆ ನದಿಯ ನೀರು ಬೇರೆ, ಕೊಳವೆಬಾವಿಯ ನೀರು ಬೇರೆ. ಮಳೆಯಿಂದ ತುಂಬುವ ಹೊಳೆಯ ನೀರು ಸಾಮಾನ್ಯವಾಗಿ ಮೆದುವಾದದ್ದು. ಬಂಡೆಗಳ ಬಿರುಕಿನಲ್ಲಿ ಬಹುಕಾಲ ನಿಂತ ಅಂತರ್ಜಲ ಸುಣ್ಣ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಗಡಸು ನೀರಿನ ಗುರುತು ನಮ್ಮ ಗೃಹಿಣಿಯರಿಗೆ ಹೊಸದಲ್ಲ: ಬೇಳೆ ಬೇಗ ಬೇಯದು, ಸಾಬೂನು ನೊರೆಗಟ್ಟದು, ಹಂಡೆಯ ಒಳಮೈಗೆ ಬಿಳಿಯ ಪೊರೆ ಹತ್ತುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದು ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ಬೇರೆ ನೀರಿಲ್ಲದಿದ್ದರೆ 2000ದವರೆಗೂ ಒಪ್ಪುತ್ತದೆ. ಅಂದರೆ ಮನುಷ್ಯನಿಗೆ ಲೀಟರಿಗೆ ನಾಲ್ಕು ಗುಲಗಂಜಿ ಸುಖ. ಅಮೆಜಾನ್ ನದಿಯ ಸೀಮೆಯಿಂದ ಬಂದ ಡಿಸ್ಕಸ್, ನಿಯಾನ್ ಟೆಟ್ರಾ ಮುಂತಾದ ಮೀನುಗಳಿಗೆ ಒಂದರ ಆಸುಪಾಸೇ ಹಿತ.

ಈ ತೊಂದರೆಗೆ ಕಂಡುಕೊಂಡ ಉಪಾಯವೇ ಜನರು ಆರ್.ಓ. ಎಂದು ಕರೆಯುವ ಶೋಧಕ. ಇದರ ತತ್ತ್ವವನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಉಪ್ಪಿನಕಾಯಿಗಾಗಿ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಅವು ನೀರು ಬಿಟ್ಟಿರುತ್ತವೆ. ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ತೆಳುಪೊರೆಯ ಮೂಲಕ ನೀರು ಹರಿಯುವ ಈ ಗುಣಕ್ಕೆ ಅಭಿಸರಣವೆಂದು ಹೆಸರು. ಲವಣ ಹೆಚ್ಚಿರುವ ಕಡೆಯಿಂದ ಬಲವಾಗಿ ಒತ್ತಿದರೆ ನೀರು ಹಿಂದಕ್ಕೆ ಹರಿಯುತ್ತದೆ, ಲವಣ ಪೊರೆಯ ಈಚೆಗೇ ಉಳಿಯುತ್ತದೆ. ಅದು ವಿಲೋಮ ಅಭಿಸರಣ. ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ 1950ರ ದಶಕದ ಕೊನೆಗೆ ಇದಕ್ಕೆ ತಕ್ಕ ಪೊರೆಯನ್ನು ರೂಪಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಊರಿಗೆ ಆ ವಿಧಾನದಿಂದ ನೀರು ಒದಗಿತು.

ಮನೆಯ ಶೋಧಕದಲ್ಲಿ ಮೂರು ಹಂತಗಳು ಮುಖ್ಯ. ಮೊದಲನೆಯದು ಮಣ್ಣು ಮರಳನ್ನು ತಡೆಯುತ್ತದೆ. ಎರಡನೆಯದರ ಇದ್ದಿಲು ನಲ್ಲಿನೀರಿನ ಕ್ಲೋರೀನನ್ನು ಹೀರುತ್ತದೆ. ಮೂರನೆಯದೇ ಪೊರೆ. ಇದ್ದಿಲು ಸವೆದರೆ ಕ್ಲೋರೀನು ಪೊರೆಯನ್ನೇ ತಿಂದುಹಾಕುವುದು. ಆದಕಾರಣ ಅಗ್ಗದ ಇದ್ದಿಲಿನ ಕೊಳವೆಯನ್ನು ಆರು ತಿಂಗಳಿಗೋ ವರ್ಷಕ್ಕೋ ಬದಲಿಸಿ, ದುಬಾರಿಯ ಪೊರೆಯನ್ನು ಉಳಿಸಿಕೊಳ್ಳುವುದು ಜಾಣತನ. ಒತ್ತಡದ ವಿಷಯವೂ ಅಷ್ಟೇ ಮುಖ್ಯ. ಪೊರೆಗೆ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋಗ್ರಾಂ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ತೊಟ್ಟಿ ಕೊಡುವುದು ಒಂದು ಕಿಲೋಗ್ರಾಂ ಮಾತ್ರ. ಆದ್ದರಿಂದಲೇ ಮಹಡಿಯ ಮೇಲಿನ ತೊಟ್ಟಿಯನ್ನು ನಂಬಿದ ಮನೆಗಳಲ್ಲಿ ಸಣ್ಣದೊಂದು ಪಂಪು ಅನಿವಾರ್ಯ.

ಹೊಸ ಪೊರೆ ಹಾಕಿದಾಗ ಮೊದಲು ಬಂದ ನೀರನ್ನು ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟುಬಿಡಬೇಕು. ಕೆಲವು ದಿನ ನಿಂತಿದ್ದ ಯಂತ್ರವನ್ನು ನಡೆಸಿದಾಗಲೂ ಮೊದಲ ಒಂದೆರಡು ಲೀಟರ್ ಮೀನಿಗೆ ಸಲ್ಲದು. ಕರಗಿದ ಲವಣವನ್ನು ಅಳೆಯುವ ಟಿ.ಡಿ.ಎಸ್. ಮಾಪಕ ಕೈಯಲ್ಲಿದ್ದರೆ ಯಂತ್ರದ ಆರೋಗ್ಯ ತಿಳಿಯುತ್ತದೆ. ಒಳಹೋಗುವ ನೀರು 600 ತೋರಿಸಿ, ಹೊರಬರುವುದು 20 ತೋರಿಸಿದರೆ ಪೊರೆ ಚೆನ್ನಾಗಿದೆ. ಅದೇ 60ಕ್ಕೆ ಏರಿದರೆ ಪೊರೆ ಬದಲಿಸುವ ಕಾಲ ಬಂದಿತೆಂದು ತಿಳಿಯಬಹುದು. ಆದರೆ ಮಾಪಕವು ಒಟ್ಟು ಲವಣವನ್ನು ಅಂದಾಜಿಸುವುದೇ ಹೊರತು ಗಡಸುತನವನ್ನು ಬೇರೆಯಾಗಿ ಹೇಳದು; ಅದಕ್ಕೆ ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯೇ ಬೇಕು.

ಇಷ್ಟೆಲ್ಲ ಶ್ರಮಪಟ್ಟು ಪಡೆದ ಪರಿಶುದ್ಧ ಜಲವನ್ನು ಹಾಗೆಯೇ ತೊಟ್ಟಿಗೆ ಸುರಿದರೆ ಮೀನು ಬದುಕೀತೇ? ಬದುಕುವುದು ಕಷ್ಟ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣ ಹೆಚ್ಚು. ಆದ್ದರಿಂದ ಅಭಿಸರಣದ ನಿಯಮದಂತೆ ಕಿವಿರುಗಳ ಮೂಲಕ ನೀರು ಸದಾ ಒಳನುಗ್ಗುತ್ತಿರುತ್ತದೆ. ಮೀನು ಅದನ್ನು ಹೊರಹಾಕುತ್ತ, ಕಳೆದುಹೋದ ಲವಣವನ್ನು ನೀರಿನಿಂದಲೇ ಮರಳಿ ಸಂಪಾದಿಸುತ್ತ ಬಾಳುತ್ತದೆ. ನೀರಿನಲ್ಲಿ ಲವಣವೇ ಇಲ್ಲದಿದ್ದರೆ ಸಂಪಾದಿಸುವುದೆಲ್ಲಿಂದ? ಅದಲ್ಲದೆ ಕಾರ್ಬೊನೇಟುಗಳಿಲ್ಲದ ನೀರು ಆಮ್ಲವನ್ನು ತಡೆಯಲಾರದೆ ಕೆಲವೇ ದಿನಗಳಲ್ಲಿ ಹುಳಿಯಾಗುವ ಅಪಾಯವುಂಟು. ಆದುದರಿಂದ ಬೆರೆಸುವುದೇ ಈ ವಿದ್ಯೆಯ ಸಾರ. 600ರ ಕೊಳವೆಬಾವಿಯ ನೀರು 2 ಲೀಟರ್, 20ರ ಶೋಧಿತ ಜಲ 8 ಲೀಟರ್ ಕೂಡಿದರೆ ಹತ್ತು ಲೀಟರಿನ ಮಿಶ್ರಣ 136 ತೋರಿಸುತ್ತದೆ. ಒಂದು ಗುಲಗಂಜಿಗೆ ತುಸು ಮೇಲೆ. ಈ ಬದಲಾವಣೆಯೂ ಒಮ್ಮೆಲೇ ಆಗಬಾರದು. ವಾರಕ್ಕೆ ತೊಟ್ಟಿಯ ಕಾಲುಭಾಗದಂತೆ ನಿಧಾನವಾಗಿ ನಡೆಯಬೇಕು.

ಇನ್ನು ಎಲ್ಲ ಮೀನಿಗೂ ಈ ಉಪಚಾರ ಬೇಡ. ಗಪ್ಪಿ, ಮೋಲಿಗಳಿಗೆ ಗಡಸು ನೀರೇ ಒಗ್ಗುತ್ತದೆ. 1849ರಲ್ಲಿ ಜರ್ಡನ್ ಎಂಬ ವೈದ್ಯ ವಿಜ್ಞಾನಿ ವರ್ಣಿಸಿದ ಅರುಲಿಯಸ್ ಎಂಬ ಅಂದದ ಮೀನು ಕಾವೇರಿಯ ಸೀಮೆಯದೇ. ಹೊಳೆಯ ನೀರು ನಲ್ಲಿಗೆ ಬರುವ ಮನೆಯವರು ಕ್ಲೋರೀನು ಕಳೆದರೆ ಅಂಥ ಮೀನಿಗೆ ಯಂತ್ರವೇ ಬೇಕಾಗಲಾರದು. ಶೋಧಕ ಕೊಳ್ಳುವ ಮೊದಲು ನೀರನ್ನು ಅಳೆಯಿರಿ. ಮೀನು ಕೊಳ್ಳುವ ಮೊದಲು ಅದರ ತವರುನೀರನ್ನು ವಿಚಾರಿಸಿರಿ.

ಹೀಗೆ ಹೇಳಲು ಬೇರೊಂದು ಕಾರಣವೂ ಇದೆ. ನಂಜನ್ನು ಉಂಡ ದೇವರು ನೆಲೆಸಿದ ಊರು ನಂಜನಗೂಡು. ನಮ್ಮ ಯಂತ್ರಕ್ಕೆ ಆ ಸಾಮರ್ಥ್ಯವಿಲ್ಲ. ಅದು ಲವಣವನ್ನು ನುಂಗುವುದಿಲ್ಲ, ಬೇರೆ ಕೊಳವೆಯಿಂದ ಹೊರಗೆ ತಳ್ಳುತ್ತದೆ. ಒಂದು ಲೀಟರ್ ಶುದ್ಧಜಲಕ್ಕೆ ಮೂರು ಲೀಟರಿನಷ್ಟು ನೀರು ಹೊರಬೀಳುವುದುಂಟು. ಅಡಿಯುದ್ದಕ್ಕೆ ಅಡಿಯಗಲದ, ಎರಡಡಿ ನೀಳದ ತೊಟ್ಟಿಯಲ್ಲಿ ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ಅದರ ಕಾಲುಭಾಗವನ್ನು ವಾರಕ್ಕೊಮ್ಮೆ ಬದಲಿಸಲು ಬೇಕಾದ 11 ಲೀಟರ್ ಶುದ್ಧಜಲಕ್ಕೆ 33 ಲೀಟರ್ ಬಚ್ಚಲಿಗೆ ಹೋಗುತ್ತದೆ. ಬೇಸಗೆಯಲ್ಲಿ ಕೊಡ ಹಿಡಿದು ಕಾಯುವ ಮನೆಗಳಿರುವ ನಾಡಿನಲ್ಲಿ ಇದು ಅಲ್ಪವಲ್ಲ. ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಪಾಯಿಖಾನೆ ತೊಳೆಯಲು ಬಳಸಬಹುದು. ಲವಣ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಅದು ನಿತ್ಯ ಸಲ್ಲದು. ಗಿಡಗಳಿಗೆ ತೊಟ್ಟಿಯಿಂದ ತೆಗೆದ ಹಳೆಯ ನೀರೇ ಒಳ್ಳೆಯ ಗೊಬ್ಬರ. ಹೊರಬಿದ್ದ ನೀರಿಗೂ ಮನೆಯಲ್ಲೊಂದು ಕೆಲಸ ಗೊತ್ತುಮಾಡಿದ ಮೇಲೆಯೇ ಯಂತ್ರದ ಗುಂಡಿ ಒತ್ತುವುದು ಲೇಸು.