ರಕ್ತದ ಒತ್ತಡದ ಮಾತ್ರೆ: ಬೆಳಿಗ್ಗೆಯೋ, ರಾತ್ರಿಯೋ?

"ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿ ಬೆಳಗಿನ ಮಾತ್ರೆ ಮರೆತೆ. ಹೊತ್ತು ಮೀರಿದ ಮೇಲೆ ನುಂಗಿ ಫಲವೇನೆಂದು ಬಿಟ್ಟೆ." ರಕ್ತದ ಒತ್ತಡ ಇರುವವರ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತಿದು. ಒಂದು ದಿನ ಬಿಟ್ಟದ್ದು ನಾಲ್ಕು ದಿನವಾಗುತ್ತದೆ. ಕೊನೆಗೆ ಮಾತ್ರೆಯೇ ನಿಂತುಹೋಗುತ್ತದೆ. ಪಾರ್ಶ್ವವಾಯು, ಹೃದಯಾಘಾತಗಳಿಗೆ ಇದರಿಂದ ದಾರಿಯಾಗುತ್ತದೆ.

ರಕ್ತದ ಒತ್ತಡ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ನಿದ್ದೆಯಲ್ಲಿ ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ, ಬೆಳಗಾಗುತ್ತಲೇ ಏರತೊಡಗುತ್ತದೆ. ಆದುದರಿಂದ ರಾತ್ರಿ ನುಂಗಿದ ಮಾತ್ರೆ ಹೆಚ್ಚು ರಕ್ಷಣೆ ಕೊಡಬಹುದೆಂದು ಕೆಲವು ವೈದ್ಯರು ಭಾವಿಸಿದರು. 2019ರಲ್ಲಿ ಪ್ರಕಟವಾದ ಸ್ಪೇನ್ ದೇಶದ ಒಂದು ಅಧ್ಯಯನವೂ ಹಾಗೆಯೇ ಹೇಳಿತು. ಆದರೆ ಅನೇಕ ತಜ್ಞರು ಅದನ್ನು ಒಪ್ಪಲಿಲ್ಲ.

ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಬೆಳಿಗ್ಗೆ, ಇನ್ನೊಂದಕ್ಕೆ ಸಂಜೆ ಮಾತ್ರೆ ನುಂಗಲು ಹೇಳಿ ಹಲವು ವರ್ಷ ಪರೀಕ್ಷಿಸಿದರು. 2022ರಲ್ಲಿ ಫಲ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಅವುಗಳಿಂದ ಸಾವು—ಇವುಗಳಲ್ಲಿ ಎರಡು ಪಂಗಡಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2025ರಲ್ಲಿ ಕೆನಡಾ ದೇಶದ ಪರೀಕ್ಷೆಯೂ ಇದನ್ನೇ ತೋರಿಸಿತು.

ಇದರಿಂದ ನಾವು ತಿಳಿಯಬೇಕಾದುದೇನು? ದಿನಕ್ಕೊಮ್ಮೆ ನುಂಗುವ ಮಾತ್ರೆಗೆ ಗಳಿಗೆಗಿಂತ ನೇಮವೇ ಮುಖ್ಯ. ಆಮ್ಲೋಡಿಪಿನ್‌ನಂಥ ಮಾತ್ರೆಯ ಗುಣ ಇಡೀ ದಿನ ಉಳಿಯುತ್ತದೆ. ಬೆಳಗಿನ ಕಾಫಿಯ ಹೊತ್ತೋ, ರಾತ್ರಿಯ ಊಟದ ಹೊತ್ತೋ, ನಿಮಗೆ ಮರೆಯದ ವೇಳೆಯನ್ನು ವೈದ್ಯರಿಗೆ ತಿಳಿಸಿ, ಅವರು ಒಪ್ಪಿದ ವೇಳೆಯನ್ನೇ ದಿನವೂ ಪಾಲಿಸಿರಿ.

ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆಯೇ ಕೊಡುತ್ತಾರೆ. ರಾತ್ರಿ ನುಂಗಿದರೆ ನಿದ್ದೆ ಕೆಡುವುದಲ್ಲದೆ, ಕತ್ತಲಲ್ಲಿ ಎದ್ದು ಓಡಾಡುವ ಮುದುಕರು ಎಡವಿ ಬೀಳುವ ಭಯವೂ ಉಂಟು. ದಿನಕ್ಕೆ ಎರಡು ಸಲ ಮಾತ್ರೆ ಇರುವವರು ಎರಡು ಹೊತ್ತನ್ನೂ ತಪ್ಪಿಸಕೂಡದು.

ಬೆಳಗಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ನುಂಗಿರಿ. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಡಿರಿ. ಎರಡನ್ನೂ ಒಟ್ಟಿಗೆ ನುಂಗಕೂಡದು.

ಕೊನೆಯದಾಗಿ ಒಂದು ಮಾತು. ರಕ್ತದ ಒತ್ತಡ ಹೆಚ್ಚಿದ್ದರೂ ಎಷ್ಟೋ ಜನರಿಗೆ ನೋವಿಲ್ಲ, ಸುಸ್ತಿಲ್ಲ. "ಈಗ ಚೆನ್ನಾಗಿದ್ದೇನೆ" ಎಂದು ಮಾತ್ರೆ ನಿಲ್ಲಿಸಬೇಡಿ. ಚೆನ್ನಾಗಿರುವುದು ಮಾತ್ರೆಯಿಂದಲೇ ಇರಬಹುದು. ಆರೋಗ್ಯ ಕೇಂದ್ರಕ್ಕೆ ಹೋಗಿ ಒತ್ತಡ ಅಳೆಸಿಕೊಳ್ಳಿರಿ. 140/90 ಅಥವಾ ಅದಕ್ಕೂ ಮೇಲಿದ್ದರೆ ವೈದ್ಯರಿಗೆ ತೋರಿಸಿರಿ. ಮನೆಯ ಹಿರಿಯರು ಮಾತ್ರೆ ನುಂಗಿದರೇ ಎಂದು ದಿನಕ್ಕೊಮ್ಮೆ ಕೇಳುವುದು ಮಕ್ಕಳ ಕೆಲಸವಾಗಲಿ.