ಕಿಮೊಥೆರಪಿ ಪಡೆಯುತ್ತಿರುವವರಲ್ಲಿ ಜ್ವರ ಮತ್ತು ಸೋಂಕು: ರೋಗಿಗಳಿಗೆ ಹಾಗೂ ಕುಟುಂಬದವರಿಗೆ ಮಾಹಿತಿ

ಕ್ಯಾನ್ಸರ್‌ಗಾಗಿ ಕಿಮೊಥೆರಪಿ ಪಡೆಯುತ್ತಿರುವವರಿಗೆ ಬರುವ ಜ್ವರವನ್ನು ಸಾಮಾನ್ಯ ಜ್ವರವೆಂದು ಭಾವಿಸತಕ್ಕದ್ದಲ್ಲ. ಅದು ತುರ್ತು ಚಿಕಿತ್ಸೆಯ ಅಗತ್ಯವಿರುವ ಸ್ಥಿತಿಯಾಗಿದೆ. ಬೆಳಗಾಗಲೆಂದು ಕಾಯದೆ, ರಾತ್ರಿಯೇ ಆದರೂ ಆಸ್ಪತ್ರೆಗೆ ತೆರಳುವುದು ಅವಶ್ಯಕ.

ಕಾರಣವೇನು?

ಕಿಮೊಥೆರಪಿ ಔಷಧಗಳು ಕ್ಯಾನ್ಸರ್ ಕೋಶಗಳೊಂದಿಗೆ, ಅಸ್ಥಿಮಜ್ಜೆಯಲ್ಲಿ ರಕ್ತಕಣಗಳನ್ನು ಉತ್ಪಾದಿಸುವ ಕೋಶಗಳನ್ನೂ ಕುಗ್ಗಿಸುತ್ತವೆ. ಇದರಿಂದ ರೋಗಾಣುಗಳನ್ನು ಎದುರಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಅನೇಕ ಔಷಧಗಳಲ್ಲಿ ಚಿಕಿತ್ಸೆಯ ನಂತರದ 7ರಿಂದ 14ನೆಯ ದಿನಗಳ ನಡುವೆ ಈ ಸಂಖ್ಯೆಯು ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ಪ್ರತಿ ಮೈಕ್ರೋಲೀಟರ್‌ಗೆ ನ್ಯೂಟ್ರೋಫಿಲ್‌ಗಳು 1,500ಕ್ಕಿಂತ ಕಡಿಮೆ ಇದ್ದಲ್ಲಿ ಎಚ್ಚರಿಕೆ ಅಗತ್ಯ. 500ಕ್ಕಿಂತ ಕಡಿಮೆ ಇದ್ದಲ್ಲಿ ಸೋಂಕಿನ ಅಪಾಯ ತೀವ್ರವಾಗಿರುತ್ತದೆ.

ಗಾಯವು ಕೆಂಪಾಗುವುದು, ಬಾವು ಬರುವುದು, ಕೀವಾಗುವುದು ಬಹುಮಟ್ಟಿಗೆ ಈ ಕಣಗಳ ಕಾರ್ಯದಿಂದಲೇ. ಕಣಗಳು ಕಡಿಮೆಯಾದಾಗ ಈ ಲಕ್ಷಣಗಳು ಕಾಣಿಸದೆ ಇರಬಹುದು. ಜ್ವರವೊಂದೇ ಸೋಂಕಿನ ಸೂಚನೆಯಾಗಿರಬಹುದು. ಚಿಕಿತ್ಸೆ ತಡವಾದರೆ ಸೋಂಕು ರಕ್ತಕ್ಕೆ ಹರಡಿ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಉಂಟಾಗಬಹುದು.

ಆಸ್ಪತ್ರೆಗೆ ತೆರಳಬೇಕಾದ ಸಂದರ್ಭಗಳು

1. ದೇಹದ ಉಷ್ಣಾಂಶ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಅಥವಾ ಅದಕ್ಕಿಂತ ಹೆಚ್ಚಾದಾಗ.
2. ಚಳಿ ಮತ್ತು ನಡುಕ ಉಂಟಾದಾಗ.
3. ಉಸಿರಾಟದ ತೊಂದರೆ, ಅತಿಯಾದ ನಿಶ್ಶಕ್ತಿ, ಮಂಪರು ಅಥವಾ ಗೊಂದಲ ಕಂಡುಬಂದಾಗ. ವೃದ್ಧರಲ್ಲಿ ಹಾಗೂ ಸ್ಟಿರಾಯ್ಡ್ ಸೇವಿಸುವವರಲ್ಲಿ ಜ್ವರವಿಲ್ಲದೆಯೂ ಇವು ಕಾಣಿಸಿಕೊಳ್ಳಬಹುದು.
4. ಬಾಯಿಹುಣ್ಣು, ಭೇದಿ, ಉರಿಮೂತ್ರ ಅಥವಾ ಔಷಧ ನೀಡಲು ಅಳವಡಿಸಿದ ನಳಿಕೆಯ ಸುತ್ತ ನೋವು ಕಂಡುಬಂದಾಗ.

ಮಾಡಬಾರದ ಕ್ರಮಗಳು

ಜ್ವರವನ್ನು ಅಳೆಯುವ ಮೊದಲೇ ಪ್ಯಾರಾಸಿಟಮಾಲ್ ಸೇವಿಸಬಾರದು. ಜ್ವರ ಇಳಿದರೂ ಸೋಂಕು ಹಾಗೆಯೇ ಉಳಿದಿರುತ್ತದೆ. ಮನೆಯಲ್ಲಿ ಉಳಿದಿರುವ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ನುಂಗಿ ಕಾಯಬಾರದು. ಗುದದ್ವಾರದ ಮೂಲಕ ಉಷ್ಣಾಂಶ ಅಳೆಯುವುದು, ಎನಿಮಾ ಕೊಡುವುದು ಕೂಡದು.

ಮುಂಜಾಗ್ರತಾ ಕ್ರಮಗಳು

1. ರೋಗಿಯೂ ಆರೈಕೆ ಮಾಡುವವರೂ ಅಡುಗೆಗೆ ಮುನ್ನ, ಊಟಕ್ಕೆ ಮುನ್ನ ಹಾಗೂ ಶೌಚದ ನಂತರ ಸೋಪಿನಿಂದ ಕೈ ತೊಳೆಯತಕ್ಕದ್ದು.
2. ಕುದಿಸಿ ಆರಿಸಿದ ನೀರು, ಕಾಯಿಸಿದ ಹಾಲು ಹಾಗೂ ಆಗತಾನೆ ಬೇಯಿಸಿದ ಆಹಾರ ಸೇವಿಸುವುದು. ಹಣ್ಣನ್ನು ಮನೆಯಲ್ಲಿಯೇ ತೊಳೆದು ಸಿಪ್ಪೆ ಸುಲಿದು ತಿನ್ನಬಹುದು. ರಸ್ತೆಬದಿಯ ಕತ್ತರಿಸಿದ ಹಣ್ಣು, ಕಬ್ಬಿನ ಹಾಲು, ಪಾನಿಪುರಿ ಬೇಡ. ಅನಗತ್ಯ ಪಥ್ಯದಿಂದ ರೋಗಿಯು ಮತ್ತಷ್ಟು ಬಳಲುವುದರಿಂದ ಪೌಷ್ಟಿಕ ಆಹಾರ ನಿಲ್ಲಿಸಬಾರದು.
3. ಮೃದುವಾದ ಬ್ರಷ್‌ನಿಂದ ಹಲ್ಲುಜ್ಜಿ, ಊಟದ ನಂತರ ಬಾಯಿ ಮುಕ್ಕಳಿಸುವುದು.
4. ಕೊಟ್ಟಿಗೆ ಶುಚಿಗೊಳಿಸುವುದು, ಗೊಬ್ಬರ ಮುಟ್ಟುವುದು, ಕಟ್ಟಡ ಕಾಮಗಾರಿಯ ಧೂಳಿನಲ್ಲಿ ಇರುವುದು ಬೇಡ, ಇವುಗಳಲ್ಲಿ ಶಿಲೀಂಧ್ರಗಳಿರಬಹುದು.
5. ನೆಗಡಿ, ಕೆಮ್ಮು, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಮುಂತಾದವು ಇರುವ ನೆಂಟರಿಷ್ಟರು ಭೇಟಿಯನ್ನು ಮುಂದೂಡುವಂತೆ ಸಂಕೋಚವಿಲ್ಲದೆ ಕೋರುವುದು.
6. ಲಸಿಕೆಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಪಡೆಯುವುದು. ಜೀವಂತ ರೋಗಾಣುಗಳಿಂದ ತಯಾರಿಸಿದ ಲಸಿಕೆಗಳನ್ನು ಚಿಕಿತ್ಸೆಯ ಅವಧಿಯಲ್ಲಿ ನೀಡುವುದಿಲ್ಲ.

ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆ

ರಕ್ತದ ಮಾದರಿ ಸಂಗ್ರಹಿಸಿ, ವರದಿಗಾಗಿ ಕಾಯದೆ, ರೋಗಿಯು ಬಂದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಆರಂಭಿಸುವುದು ವೈದ್ಯಕೀಯ ಮಾರ್ಗಸೂಚಿಗಳ ಗುರಿಯಾಗಿದೆ. ವರದಿ ಬಂದ ನಂತರ ಔಷಧವನ್ನು ಬದಲಿಸಬಹುದು. ಹಲವು ದಿನಗಳಾದರೂ ಜ್ವರ ಇಳಿಯದಿದ್ದಲ್ಲಿ ಶಿಲೀಂಧ್ರ ಸೋಂಕಿಗಾಗಿ ಪರೀಕ್ಷಿಸಲಾಗುತ್ತದೆ. ಅಗತ್ಯವಿರುವವರಿಗೆ ಬಿಳಿ ರಕ್ತಕಣಗಳನ್ನು ಹೆಚ್ಚಿಸುವ ಚುಚ್ಚುಮದ್ದನ್ನೂ ನೀಡಲಾಗುತ್ತದೆ.

ಸಿದ್ಧವಾಗಿಟ್ಟುಕೊಳ್ಳಬೇಕಾದವುಗಳು

ಥರ್ಮಾಮೀಟರ್, ಕೊನೆಯ ಕಿಮೊಥೆರಪಿಯ ದಿನಾಂಕ ಹಾಗೂ ಔಷಧಗಳ ವಿವರವಿರುವ ಚೀಟಿ, ಇತ್ತೀಚಿನ ರಕ್ತಪರೀಕ್ಷೆಯ ವರದಿ, ಆಧಾರ್ ಮತ್ತು ಪಡಿತರ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಯಾವುದೇ ದಾಖಲೆ ಕೈಗೆ ಸಿಗಲಿಲ್ಲವೆಂದು ಹೊರಡುವುದನ್ನು ತಡಮಾಡಬಾರದು. ವಾಹನ ಸೌಲಭ್ಯವಿಲ್ಲದವರು 108ಕ್ಕೆ ಕರೆ ಮಾಡಿ ಉಚಿತ ಆಂಬುಲೆನ್ಸ್ ಸೇವೆ ಪಡೆಯಬಹುದು. ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆ ದೂರವಿದ್ದಲ್ಲಿ ಸಮೀಪದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತೆರಳಿ, "ಕಿಮೊಥೆರಪಿ ನಡೆಯುತ್ತಿದೆ, ಜ್ವರ ಬಂದಿದೆ" ಎಂದು ಮೊದಲು ಭೇಟಿಯಾಗುವ ಸಿಬ್ಬಂದಿಗೇ ತಿಳಿಸಬೇಕೆಂದು ಕೋರಲಾಗಿದೆ.