ಅಳೆದವರ ನೆಲ

1860ರ ಫೆಬ್ರುವರಿ 20. ನ್ಯೂಜಿಲೆಂಡಿನ ಉತ್ತರ ದ್ವೀಪ, ತಾರಾನಾಕಿ ಸೀಮೆ. ವೈಟಾರ ಹೊಳೆಯ ಬಳಿ ಸರ್ಕಾರಿ ಮೋಜಣಿದಾರರು ಸರಪಳಿ ಬಿಚ್ಚಿದರು. ತಡೆಯಲು ಬಂದವರು ಕೋವಿ ಹಿಡಿದ ಗಂಡಸರಲ್ಲ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಹೆಂಗಸರು. ಸರಪಳಿಗೆ ಕೈಹಾಕಿ ಎಳೆದರು. ಮೋಜಣಿದಾರರನ್ನೇ ತಬ್ಬಿ ಹಿಡಿದು ಕದಲಗೊಡಲಿಲ್ಲ ಎಂದೂ ಹೇಳುತ್ತಾರೆ. ಅವತ್ತು ಅಳತೆ ನಡೆಯಲಿಲ್ಲ. ಎರಡೇ ದಿನಕ್ಕೆ ಸೇನಾಡಳಿತ ಜಾರಿಗೆ ಬಂತು. ಮಾರ್ಚ್ 17ಕ್ಕೆ ಯುದ್ಧ ಶುರುವಾಯಿತು.

ಜಗಳ ಸುಮಾರು 600 ಎಕರೆಯದು. ತೆಯಿರ ಎಂಬಾತ ಮಾರುತ್ತೇನೆ ಎಂದ. ಹಿರಿಯ ಮುಖಂಡ ವಿರೆಮು ಕಿಂಗಿ, ಈ ನೆಲ ಮಾರಾಟಕ್ಕಿಲ್ಲ ಎಂದ. ಗವರ್ನರ್ ಗೋರ್ ಬ್ರೌನ್ ತೆಯಿರನ ಮಾತನ್ನೇ ಹಿಡಿದ. ಒಬ್ಬ ತನ್ನ ಪಾಲನ್ನು ಕತ್ತರಿಸಿ ಮಾರಬಹುದು ಎಂಬುದು ಇಂಗ್ಲಿಷರ ಲೆಕ್ಕ. ಅಲ್ಲಿ ಹಾಗೆ ಕತ್ತರಿಸಿಟ್ಟ ಪಾಲೇ ಇರಲಿಲ್ಲ. ಒಂದೇ ಕಾಡಿನಲ್ಲಿ ಹಕ್ಕಿಗೆ ಉರುಲು ಹಾಕುವ ಹಕ್ಕು ಒಂದು ಮನೆತನದ್ದು, ತೊರೆಯಲ್ಲಿ ಹಾವುಮೀನು ಹಿಡಿಯುವುದು ಇನ್ನೊಂದರದು, ಅಂಚಿನಲ್ಲಿ ಗೆಣಸು ಬೆಳೆಯುವುದು ಮತ್ತೊಂದರದು. ಈ ಹಕ್ಕುಗಳು ಒಂದರ ಮೇಲೊಂದು ಹಾಸಿಕೊಂಡಿದ್ದವು. ಮಾವೊರಿ ಭಾಷೆಯಲ್ಲಿ ನೆಲಕ್ಕೂ ಹೆರಿಗೆಯ ಮಾಸಿಗೂ ಒಂದೇ ಮಾತು: ಫೆನುಅ. ಮಗು ಹುಟ್ಟಿದಾಗ ಮಾಸನ್ನು ತಮ್ಮವರ ನೆಲದಲ್ಲೇ ಹೂಳುವುದು ಅವರ ರೂಢಿ.

ಇಷ್ಟೆಲ್ಲದರ ಮೇಲೆ ಬಂದು ಬಿದ್ದದ್ದು 66 ಅಡಿ ಉದ್ದದ, 100 ಕೊಂಡಿಗಳ ಕಬ್ಬಿಣದ ಸರಪಳಿ. ಹತ್ತು ಚದರ ಸರಪಳಿಗೆ ಒಂದು ಎಕರೆ. ಪಹಣಿ ಓದಿ ಗೊತ್ತಿರುವ ನಮಗೆ ಇದು ದೂರದ ನೆಂಟನೇನಲ್ಲ. ನಮ್ಮ ಗುಂಟೆ ಎಂದರೆ 33 ಅಡಿ ಚೌಕ, ಅದೇ ಸರಪಳಿಯ ಸರಿ ಅರ್ಧ. ನಲವತ್ತು ಗುಂಟೆ ಕೂಡಿದರೆ ಎಕರೆ ಆಗುವುದೂ ಅದರಿಂದಲೇ.

ಸರಪಳಿ ಬಂದರೆ ಹಿಂದೆಯೇ ಏನು ಬರುತ್ತದೆಂದು ಮಾವೊರಿಗಳಿಗೆ ಬೇಗ ತಿಳಿದಿತ್ತು. 1843ರಲ್ಲಿ ದಕ್ಷಿಣ ದ್ವೀಪದ ವೈರಾವು ಕಣಿವೆಯನ್ನು ನ್ಯೂಜಿಲೆಂಡ್ ಕಂಪನಿ ತನ್ನದೆಂದುಕೊಂಡು ಅಳೆಯತೊಡಗಿತು. ಮುಖಂಡರಾದ ತೆ ರೌಪರಾಹ, ತೆ ರಂಗಿಹಯೇಟ ಜನರೊಂದಿಗೆ ಬಂದರು. ಮೋಜಣಿದಾರರ ಗುಡಿಸಲಿನಿಂದ ಅವರ ಸಾಮಾನನ್ನೆಲ್ಲ ಜೋಪಾನವಾಗಿ ಹೊರಗಿಟ್ಟರು. ಆಮೇಲೆ ಬರೀ ಗುಡಿಸಲಿಗೆ ಬೆಂಕಿ ಇಟ್ಟರು. ಸಾಮಾನು ನಿಮ್ಮದು, ಗುಡಿಸಲಿನ ಜೊಂಡು ನಮ್ಮ ನೆಲದ್ದು ಎಂಬುದು ಅವರ ವಾದ. ಎಷ್ಟೋ ವಕೀಲರಿಗೆ ಹೊಳೆಯದಷ್ಟು ಅಚ್ಚುಕಟ್ಟಾದ ವಾದ ಅದು! ಕಂಪನಿಯವರು ಇದನ್ನು ಬೆಂಕಿ ಹಚ್ಚಿದ ಅಪರಾಧವೆಂದು ಬಗೆದು, ಇಬ್ಬರನ್ನೂ ಹಿಡಿಯಲು ಆಯುಧ ಹಿಡಿದು ಹೋದರು. ಆ ಘರ್ಷಣೆಯಲ್ಲಿ 22 ವಲಸಿಗರು ಸತ್ತರು, ಮಾವೊರಿಗಳೂ ಸತ್ತರು. ವಿಚಾರಿಸಿದ ಗವರ್ನರ್ ಫಿಟ್ಜ್‌ರಾಯ್ ತಪ್ಪು ವಲಸಿಗರದೇ ಎಂದ.

ಕೋವಿಗಿಂತ ಹೆಚ್ಚು ನೆಲ ನುಂಗಿದ್ದು ಕೋರ್ಟು. 1865ರ ಕಾಯ್ದೆಯ ಬಲದಿಂದ ಊರೂರಿಗೆ ಬಂದ ಭೂ ನ್ಯಾಯಾಲಯದ ಕೆಲಸ, ಮಾವೊರಿ ಹಕ್ಕನ್ನು ಇಂಗ್ಲಿಷ್ ಮಾದರಿಯ ಹಕ್ಕುಪತ್ರವಾಗಿ ಬದಲಿಸುವುದು. ಒಬ್ಬ ಅರ್ಜಿ ಹಾಕಿದರೂ ಇಡೀ ನೆಲದ ವಿಚಾರಣೆ ನಡೆಯುತ್ತಿತ್ತು; ಬಾರದೆ ಉಳಿದವರ ಹಕ್ಕು ಹೋಗುತ್ತಿತ್ತು. ಹಾಗಾಗಿ ಮಾರುವ ಮನಸ್ಸಿಲ್ಲದವರೂ ಓಡಿ ಬರಲೇಬೇಕು. ವಾರಗಟ್ಟಲೆ ಪೇಟೆಯಲ್ಲಿ ಬೀಡುಬಿಟ್ಟು, ಅಂಗಡಿಯವನಲ್ಲಿ ಹಿಟ್ಟು ಸಕ್ಕರೆಗೆ ಉದ್ರಿ ಬರೆಸುತ್ತ ಕಾಯಬೇಕು. ಹಕ್ಕುಪತ್ರ ಬೇಕೆಂದರೆ ನಕ್ಷೆ ಬೇಕು, ನಕ್ಷೆ ಬೇಕೆಂದರೆ ಪರವಾನಗಿ ಪಡೆದ ಮೋಜಣಿದಾರ ಬೇಕು. ಅವನ ಖರ್ಚು ಯಾರ ತಲೆಗೆ? ನೆಲದವರ ತಲೆಗೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಆ ಬಾಕಿ ನೆಲದ ಮೇಲೇ ಋಣವಾಗಿ ಕೂರುತ್ತಿತ್ತು. ತೀರಿಸಲು ಒಂದು ತುಂಡು ಮಾರಬೇಕು. ತುಂಡು ಮಾರಬೇಕೆಂದರೆ ಮತ್ತೆ ಅಳೆಯಬೇಕು. ಜಮೀನು ತನ್ನ ಅಳತೆಯ ಕೂಲಿಯನ್ನು ತಾನೇ ತೆರುತ್ತಿತ್ತು.

ಪತ್ರದಲ್ಲಿ ಬರೆಯುವ ಹೆಸರೂ ಮೊದಮೊದಲು ಹತ್ತಕ್ಕೆ ಮೀರುತ್ತಿರಲಿಲ್ಲ. ಆ ಹತ್ತು ಜನ ಇಡೀ ಕುಲದ ಪರವಾಗಿ ನಿಂತಿದ್ದೇವೆಂದು ನಂಬಿದ್ದರು. ಕಾನೂನು ಮಾತ್ರ ಅವರನ್ನೇ ಪೂರ್ಣ ಮಾಲೀಕರೆಂದು ಕಂಡಿತು. ಹತ್ತು ಜನರಿಂದ ರುಜು ಹಾಕಿಸಿಕೊಳ್ಳುವುದು ಸಾವಿರ ಜನರನ್ನು ಒಪ್ಪಿಸುವುದಕ್ಕಿಂತ ಸುಲಭವಲ್ಲವೆ?

ತಾರಾನಾಕಿಯಲ್ಲಿ ವಿರೋಧ ನಿಲ್ಲಲಿಲ್ಲ. ಪರಿಹಾಕ ಎಂಬ ಹಳ್ಳಿಯ ತೆ ಫಿಟಿ ಮತ್ತು ತೊಹು ಆಯುಧ ಬೇಡವೆಂದರು. 1879ರ ಮಾರ್ಚ್‌ನಲ್ಲಿ ಅವರ ಜನ ಮೋಜಣಿದಾರರ ಗುಡಾರ, ಸಾಮಾನುಗಳನ್ನು ಹೊತ್ತು ಹೊಳೆಯಾಚೆ ಇಟ್ಟು ಬಂದರು. ಮೇ ತಿಂಗಳಲ್ಲಿ ವಲಸಿಗರ ಹುಲ್ಲುಗಾವಲಿಗೆ ಇಳಿದು ನೇಗಿಲು ಹೂಡಿದರು. ಹಿಡಿದೊಯ್ದಂತೆಲ್ಲ ಮತ್ತೊಬ್ಬರು ಬಂದು ಉಳುತ್ತಿದ್ದರು. ನೂರಾರು ಮಂದಿ ವಿಚಾರಣೆಯಿಲ್ಲದೆ ದಕ್ಷಿಣ ದ್ವೀಪದ ಸೆರೆಮನೆ ಸೇರಿದರು. 1881ರ ನವೆಂಬರ್ 5ರಂದು ಸುಮಾರು 1,600 ಮಂದಿಯ ದಂಡು ಹಳ್ಳಿಗೆ ನುಗ್ಗಿದಾಗ ಎದುರಿಗೆ ಬಂದದ್ದು ಹಾಡುವ ಮಕ್ಕಳು.

ಒಳನಾಡಿನ ಕಿಂಗ್ ಕಂಟ್ರಿಯಲ್ಲಿ ಅಳತೆಗಾರರು ಕಾಲಿಡುವುದೇ ಕಷ್ಟವಿತ್ತು. 1883ರ ಮಾರ್ಚ್‌ನಲ್ಲಿ ಹರ್ಸ್ಟ್‌ಹೌಸ್ ಎಂಬ ಮೋಜಣಿದಾರನನ್ನು ಮಾವೊರಿ ಮುಖಂಡ ತೆ ಮಾಹುಕಿಯ ಹಿಂಬಾಲಕರು ಹಿಡಿದು ಕೈಕಟ್ಟಿ, ಕಾಲಿಗೆ ಸರಪಳಿ ಬಿಗಿದು ಕೂಡಿಹಾಕಿದರು. ಬಿಡಿಸಿದವರೂ ಮಾವೊರಿಗಳೇ. ಕೊನೆಗೆ ಅಲ್ಲಿನ ಮುಖಂಡರು ಬಹಳ ಚೌಕಾಸಿಯ ಮೇಲೆ, ತಮ್ಮ ನೆಲದಲ್ಲಿ ಸರ್ಕಾರ ಹಾಕಬಯಸಿದ್ದ ರೈಲುದಾರಿಗೆ ಒಪ್ಪಿದರು. 1885ರ ಏಪ್ರಿಲ್ 15ರಂದು ಮೊದಲ ಹೆಂಟೆ ಎತ್ತಿದವನು ಅವರದೇ ನಾಯಕ ವಾಹನುಯಿ. ಅದಾದ ಐದೇ ವರ್ಷಕ್ಕೆ ಸರ್ಕಾರ ಅಲ್ಲಿ ಒಬ್ಬೊಬ್ಬರ ಪಾಲನ್ನು ಕೊಳ್ಳತೊಡಗಿತು.

ಇನ್ನು ವೈಟಾರದ ಆ 600 ಎಕರೆ. ಖರೀದಿಯನ್ನು ಸರ್ಕಾರವೇ 1863ರಲ್ಲಿ ಕೈಬಿಟ್ಟಿತು. ಎರಡು ವರ್ಷದ ಮೇಲೆ, ದಂಗೆಯೆದ್ದವರ ನೆಲವೆಂದು, ತಾರಾನಾಕಿಯ ಸುಮಾರು 12 ಲಕ್ಷ ಎಕರೆಯ ಜೊತೆಗೆ ಅದನ್ನೂ ಮುಟ್ಟುಗೋಲು ಹಾಕಿಕೊಂಡಿತು. ಅಲ್ಲಿ ಎದ್ದ ಪಟ್ಟಣದ ಗುತ್ತಿಗೆ ನಿವೇಶನಗಳ ತಗಾದೆ ಬಗೆಹರಿಸಲು ನ್ಯೂಜಿಲೆಂಡ್ ಸಂಸತ್ತು 2018ರಲ್ಲಿ ಇನ್ನೊಂದು ಕಾಯ್ದೆ ಮಾಡಿತು. ಅದರ ಪ್ರಕಾರ ಗುತ್ತಿಗೆದಾರರು ನಿವೇಶನವನ್ನು ಕೊಂಡುಕೊಳ್ಳಬಹುದು. ಬಂದ ಹಣದಲ್ಲಿ ಒಂದು ಪಾಲು ಅಲ್ಲಿನ ಮಾವೊರಿ ಕುಲಗಳಿಗೆ.